ದಾವಣಗೆರೆ-ಚಿತ್ರದುರ್ಗದಲ್ಲಿ ಯೂನಿಯನ್ ಮತ್ತೆ ಕಟ್ಟೋದು ಹೇಗೆ: ಮೊದಲ ಮಾತುಕತೆಯಿಂದ ಒಪ್ಪಂದದವರೆಗೆ

ಯೂನಿಯನ್ ಕಾಲ ಮುಗೀತು ಅಂತ ಹೇಳೋರು ನಮ್ಮೂರಲ್ಲಿ ಜಾಸ್ತಿ ಆಗಿದ್ದಾರೆ. ಇದೇ ದಾವಣಗೆರೆ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸ್ಕೊಂಡಿತ್ತು, ಕಾಟನ್ ಮಿಲ್ಲುಗಳ ಪಾಳಿ ನೋಡ್ಕೊಂಡೇ ಊರು ಏಳೋದು ಮಲಗೋದು ಮಾಡ್ತಿತ್ತು, ಕಾರ್ಮಿಕ ಮುಖಂಡ ಪಂಪಾಪತಿ ಅವರನ್ನ 1978, 1983, 1985 ಹೀಗೆ ಮೂರು ಸಲ ಸಿಪಿಐನಿಂದ ಶಾಸಕರನ್ನಾಗಿ ಗೆಲ್ಲಿಸಿ ಕಳಿಸಿದ ಊರಿದು. ಆಮೇಲೆ ಮಿಲ್ಲುಗಳು ಒಂದೊಂದಾಗಿ ಮುಚ್ಚಿದ್ವು, ಹರಿಹರದ ಮೈಸೂರು ಕಿರ್ಲೋಸ್ಕರ್ ಮುಚ್ಚಿತು, ಚಳ್ಳಕೆರೆ ಎಣ್ಣೆ ಮಿಲ್ಲುಗಳಲ್ಲೂ ಎಷ್ಟೋ ಬಾಗಿಲು ಹಾಕಿದ್ವು. ಆದ್ರೆ ಕೆಲಸಗಾರರು ಎಲ್ಲಿಗೂ ಹೋಗಿಲ್ಲ. ಅದೇ ಮಿಲ್ ಕಾರ್ಮಿಕರ ಮಕ್ಕಳು ಮೊಮ್ಮಕ್ಕಳು ಇವತ್ತು ಆಸ್ಪತ್ರೆಗಳಲ್ಲಿ ಕಂಟ್ರಾಕ್ಟ್ ಹೌಸ್‌ಕೀಪಿಂಗ್ ಮಾಡ್ತಾರೆ, ಎಪಿಎಂಸಿ ಯಾರ್ಡಲ್ಲಿ ಮೂಟೆ ಹೊರ್ತಾರೆ, ಮಂಡಕ್ಕಿ ಭಟ್ಟಿ ಮುಂದೆ ಬೇಯ್ತಾರೆ, ಗಾರ್ಮೆಂಟ್ಸ್‌ಗೆ ಹೋಗ್ತಾರೆ, ಬೈಕಲ್ಲಿ ಬ್ಯಾಗ್ ಹಾಕ್ಕೊಂಡು ಬೆಣ್ಣೆದೋಸೆ ಪಾರ್ಸೆಲ್ ತಲುಪಿಸ್ತಾರೆ. ಕೆಲಸ ಇದೆ, ಮಾಲೀಕ ಇದಾನೆ, ಕಮ್ಮಿ ಕೂಲಿ ಇದೆ. ಯೂನಿಯನ್ ಮಾತ್ರ ಇಲ್ಲ, ಇದ್ರೂ ಬೋರ್ಡಲ್ಲಿದೆ.

ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. ಬ್ರಿಟನ್ನಿನಲ್ಲಿ 1979ರಲ್ಲಿ ಯೂನಿಯನ್ ಸದಸ್ಯರು 1.3 ಕೋಟಿ ದಾಟಿದ್ರು, ಈಗ ಅದರ ಅರ್ಧದಷ್ಟು. ಅಮೆರಿಕಾದಲ್ಲಿ 1983ರಲ್ಲಿ ನೂರು ಜನ ನೌಕರರಲ್ಲಿ 20 ಜನ ಯೂನಿಯನ್ನಲ್ಲಿದ್ರು, 2024ರಲ್ಲಿ 10 ಜನಕ್ಕಿಂತ ಸ್ವಲ್ಪ ಕಮ್ಮಿ. ಅಲ್ಲೂ ಕಾರ್ಖಾನೆ ಮುಚ್ಚಿದ್ದು ಒಂದು ಕಾರಣ, ಆದ್ರೆ ಇನ್ನೊಂದು ಕಾರಣಾನೂ ಇತ್ತು ಅಂತ ಅಲ್ಲಿಯ ಸಂಘಟಕರೇ ಗುರುತಿಸಿದ್ರು: ಯೂನಿಯನ್ ಅನ್ನೋದು ಕಷ್ಟ ಬಂದಾಗ ಹೋಗಿ ಅರ್ಜಿ ಕೊಡೋ ಆಫೀಸ್ ಆಗ್ಬಿಟ್ಟಿತ್ತು. ಮುಖಂಡರು ಕೆಲಸ ಮಾಡಿಕೊಡ್ತಾರೆ, ಸದಸ್ಯರು ಚಂದಾ ಕೊಟ್ಟು ಕಾಯ್ತಾರೆ. ನಮ್ಮಲ್ಲೂ ಹಾಗೇ ಆಗಿದೆ. ನಾನು ಇಲ್ಲಿ ಬರೆಯೋ ಪ್ರತಿಯೊಂದು ಹಂತಾನೂ ಆ ಅಭ್ಯಾಸ ಮುರಿಯೋದಕ್ಕೇ. ಕೆಲಸದ ಜಾಗದಲ್ಲಿ ಇರೋ ಜನ ತಾವೇ ಯೂನಿಯನ್ ಕೆಲಸ ಮಾಡಿದ್ರೆ ಮಾತ್ರ ಅದು ಬೆಳೆಯುತ್ತೆ, ಹೊರಗಿನವರು ಎಷ್ಟೇ ಒಳ್ಳೆಯವರಿದ್ರೂ ಅವರ ಕೈಯಲ್ಲಿ ಬೆಳೆಯಲ್ಲ.

ಮೊದಲನೇ ಹಂತ: ಒಂದೇ ಜಾಗ ಹಿಡೀರಿ

ಇಡೀ ಜಿಲ್ಲೆಯ ಅಸಂಘಟಿತ ಕಾರ್ಮಿಕರನ್ನ ಸಂಘಟಿಸ್ತೀವಿ ಅಂತ ಹೊರಡಬೇಡ್ರಿ. ಒಂದು ಆಸ್ಪತ್ರೆ, ಒಂದು ಗಾರ್ಮೆಂಟ್ ಯೂನಿಟ್, ಒಂದು ಯಾರ್ಡ್, ಒಂದು ಏರಿಯಾದ ಭಟ್ಟಿಗಳು, ಅಷ್ಟೇ. ಆಯ್ಕೆ ಮಾಡೋವಾಗ ಮೂರು ವಿಷಯ ನೋಡ್ರಿ. ಒಳಗೆ ಒಬ್ರಾದ್ರೂ ನಿಮಗೆ ಗೊತ್ತಿರೋರು ಇದಾರಾ, ಜನಕ್ಕೆ ಈಗಲೇ ಸಿಟ್ಟು ಬಂದಿರೋ ವಿಷಯ ಏನಾದ್ರೂ ಇದೆಯಾ, ಕೆಲಸ ನಿಂತ್ರೆ ಮಾಲೀಕನಿಗೆ ಬಿಸಿ ತಟ್ಟುತ್ತಾ. ಮೂರನೇದನ್ನ ತುಂಬಾ ಜನ ಮರೀತಾರೆ. ಮೆಕ್ಕೆಜೋಳದ ಸೀಸನ್ನಲ್ಲಿ ಯಾರ್ಡಿನ ಹಮಾಲರು ಅರ್ಧ ದಿನ ಕೂತ್ರೆ ಲಾರಿ ಸಾಲು ನಿಲ್ಲುತ್ತೆ, ಅದೇ ಹಮಾಲರು ಮಾಲು ಬರದೇ ಇರೋ ತಿಂಗಳಲ್ಲಿ ವಾರ ಕೂತ್ರೂ ಯಾರೂ ತಿರುಗಿ ನೋಡಲ್ಲ. ಭೀಮಸಮುದ್ರ, ಚನ್ನಗಿರಿ ಕಡೆ ಅಡಿಕೆ ಸುಲಿಯೋ ಹೆಣ್ಣುಮಕ್ಕಳದ್ದೂ ಅದೇ ಲೆಕ್ಕ. ಸೀಸನ್ ಯಾವಾಗ ಅನ್ನೋದು ನಿಮ್ಮ ಕ್ಯಾಲೆಂಡರ್ ಆಗ್ಬೇಕು.

ಎರಡನೇ ಹಂತ: ನಕ್ಷೆ ಬರೀರಿ, ಮೊಬೈಲಲ್ಲಿ ಬೇಡ, ನೋಟ್‌ಬುಕ್ಕಲ್ಲಿ

ಎಷ್ಟು ಜನ ಇದಾರೆ? ಈ ಪ್ರಶ್ನೆಗೆ ಒಳಗಿರೋರೇ ತಪ್ಪು ಉತ್ತರ ಹೇಳ್ತಾರೆ, ಯಾಕಂದ್ರೆ ಬೇರೆ ಪಾಳಿಯವರನ್ನ ಅವರು ನೋಡೇ ಇರಲ್ಲ. ಅದಕ್ಕೇ ಕೂತು ಬರೀಬೇಕು: ಯಾವ ಯಾವ ವಿಭಾಗ, ಎಷ್ಟು ಪಾಳಿ, ಪ್ರತಿ ಪಾಳಿಯಲ್ಲಿ ಯಾರ್ಯಾರು, ಮೇಸ್ತ್ರಿ ಯಾರು, ಯಾವ ಕಂಟ್ರಾಕ್ಟರ್ ಹೆಸರಲ್ಲಿ ಹಾಜರಿ, ಯಾರ ಊರು ಯಾವ್ದು, ಯಾವ ಬಸ್ಸಲ್ಲಿ ಬರ್ತಾರೆ, ಯಾರು ಯಾರ ಸಂಬಂಧಿಕರು, ಯಾರು ಯಾವ ಸ್ವಸಹಾಯ ಸಂಘದಲ್ಲಿ ಇದಾರೆ. ಕೊನೆಯದು ಸಣ್ಣ ವಿಷಯ ಅಲ್ಲ. ನಿಟ್ಟುವಳ್ಳಿ, ಆಜಾದ್ ನಗರ, ಭಾಷಾ ನಗರದ ಹೆಣ್ಣುಮಕ್ಕಳು ವಾರಕ್ಕೊಮ್ಮೆ ಸಂಘದ ಕಂತು ಕಟ್ಟೋಕೆ ಕೂಡ್ತಾರೆ, ಅಲ್ಲಿ ಆಗೋ ಮಾತು ಯಾವ ಗೇಟ್ ಮೀಟಿಂಗಲ್ಲೂ ಆಗಲ್ಲ. ಜಾತಿ ಧರ್ಮದ ಗೆರೆಗಳೂ ನಕ್ಷೆಯಲ್ಲಿ ಕಾಣ್ಬೇಕು, ಕಣ್ಮುಚ್ಚಿಕೊಂಡ್ರೆ ಅವು ಹೋಗಲ್ಲ, ಮಾಲೀಕನ ಕಡೆಯವರು ಮೊದಲು ಕೈ ಹಾಕೋದೇ ಅಲ್ಲಿಗೆ. ಬರೀ ಒಂದೇ ಸಮುದಾಯದ ಜನ ಸೇರಿದ ಕಮಿಟಿ ಆದ್ರೆ ಎರಡನೇ ವಾರಕ್ಕೇ ಅದಕ್ಕೆ ಆ ಸಮುದಾಯದ ಹೆಸರು ಬೀಳುತ್ತೆ, ಆಮೇಲೆ ಉಳಿದವರು ಹತ್ರ ಬರಲ್ಲ.

ಪ್ರತಿ ಹೆಸರಿನ ಮುಂದೆ ಒಂದು ಗುರುತು ಹಾಕ್ರಿ. ಜೊತೆಗೆ ನಿಂತು ಬೇರೆಯವರನ್ನೂ ಕರೆತರೋರು, ಬೆಂಬಲ ಇರೋರು, ಇನ್ನೂ ತೀರ್ಮಾನ ಮಾಡದವರು, ವಿರೋಧ ಇರೋರು, ಇನ್ನೂ ಮಾತೇ ಆಡಿಸದವರು. ಗುರುತು ಹಾಕೋದು ಅವರು ಹೇಳಿದ ಮಾತಿನ ಮೇಲಲ್ಲ, ಮಾಡಿದ ಕೆಲಸದ ಮೇಲೆ. "ನಾನಿದ್ದೀನಿ ಬಿಡ್ರಿ" ಅಂದೋರು ಸಹಿ ಹಾಕೋ ಹೊತ್ತಿಗೆ ಊರಿಗೆ ಹೋಗಿರ್ತಾರೆ.

ಈ ನೋಟ್‌ಬುಕ್ ಇಬ್ಬರ ಹತ್ರ ಬಿಟ್ಟು ಮೂರನೆಯವರ ಹತ್ರ ಇರಬಾರ್ದು. ವಾಟ್ಸಾಪ್ ಗ್ರೂಪಲ್ಲಿ ಪಟ್ಟಿ ಹಾಕಿದ್ರೆ ಸಂಜೆಯೊಳಗೆ ಸೂಪರ್‌ವೈಸರ್ ಮೊಬೈಲಿಗೆ ಸ್ಕ್ರೀನ್‌ಶಾಟ್ ಹೋಗಿರುತ್ತೆ. ಗ್ರೂಪ್ ಮಾಡೋದೇ ಆದ್ರೆ ಆಮೇಲೆ ಮಾಡ್ರಿ, ಮೀಟಿಂಗ್ ಜಾಗ ಟೈಮು ತಿಳಿಸೋಕೆ ಮಾತ್ರ.

ಮೂರನೇ ಹಂತ: ನಿಜವಾದ ಮುಂದಾಳು ಯಾರು ಅಂತ ಹುಡುಕೋದು

ಇದು ನನ್ನ ಪ್ರಕಾರ ಅರ್ಧ ಕೆಲಸ. ಮೀಟಿಂಗಲ್ಲಿ ಜೋರಾಗಿ ಮಾತಾಡೋರು, ಮೊದಲ ದಿನವೇ ನಿಮ್ಮನ್ನ ಹುಡುಕ್ಕೊಂಡು ಬರೋರು, ಮ್ಯಾನೇಜ್‌ಮೆಂಟ್ ಬಗ್ಗೆ ಕೆಂಡ ಕಾರೋರು, ಇವರು ಒಳ್ಳೆ ಕಾರ್ಯಕರ್ತರು ಆಗಬಹುದು ಆದ್ರೆ ಜನ ಇವರ ಹಿಂದೆ ಬರ್ತಾರೆ ಅಂತ ಏನೂ ಇಲ್ಲ. ಜನ ಯಾರ ಹಿಂದೆ ಬರ್ತಾರೆ ಅಂದ್ರೆ ಕೆಲಸ ಚೆನ್ನಾಗಿ ಬಲ್ಲವರ ಹಿಂದೆ, ಹೊಸಬರಿಗೆ ಕೆಲಸ ಕಲಿಸಿಕೊಟ್ಟವರ ಹಿಂದೆ, ಮೇಸ್ತ್ರಿ ಬೈದಾಗ "ಅವಳಿಗೆ ಹಂಗೆ ಅನ್ಬೇಡ್ರಿ" ಅಂತ ಒಂದೇ ಮಾತಲ್ಲಿ ನಿಲ್ಲಿಸಿದವರ ಹಿಂದೆ. ಅವರು ಬಹಳ ಸಲ ಯೂನಿಯನ್ ಅಂದ್ರೆ ಹಿಂಜರಿಯೋರೇ ಆಗಿರ್ತಾರೆ, ಯಾಕಂದ್ರೆ ಅವರಿಗೆ ಕಳ್ಕೊಳ್ಳೋಕೆ ಮರ್ಯಾದೆ ಇದೆ.

ಹುಡುಕೋ ದಾರಿ ಸುಲಭ. ಪ್ರತಿಯೊಬ್ರಿಗೂ ಒಂದೇ ಪ್ರಶ್ನೆ ಕೇಳ್ರಿ: ನಿಮ್ಮ ಪಾಳಿಯಲ್ಲಿ ಏನಾದ್ರೂ ತೊಂದ್ರೆ ಆದ್ರೆ ಮೊದಲು ಯಾರ ಹತ್ರ ಹೋಗಿ ಹೇಳ್ತೀರಿ? ಬೇರೆ ಬೇರೆ ಜನ ಅದೇ ಹೆಸರು ಹೇಳ್ತಾ ಬಂದ್ರೆ ಅವರೇ. ಸುಮಾರು ಹತ್ತು ಹದಿನೈದು ಜನಕ್ಕೆ ಇಂಥವರು ಒಬ್ರು ಇರ್ಬೇಕು, ಇಲ್ಲಾಂದ್ರೆ ಆ ವಿಭಾಗ ನಿಮ್ಮ ಕೈಲಿ ಇಲ್ಲ ಅಂತಾನೇ ತಿಳ್ಕೊಳ್ರಿ.

ನಾಲ್ಕನೇ ಹಂತ: ಒಬ್ಬೊಬ್ಬರ ಹತ್ರ ಕೂತು ಮಾತಾಡೋದು

ಭಾಷಣ, ಕರಪತ್ರ, ಆಟೋ ಮೇಲೆ ಮೈಕು, ಇವೆಲ್ಲ ಆಮೇಲೆ. ಸದಸ್ಯರು ಹುಟ್ಟೋದು ಇಬ್ಬರು ಕೂತು ಮಾತಾಡಿದ ಜಾಗದಲ್ಲಿ. ಮನೆಗೆ ಹೋಗ್ರಿ, ಇಲ್ಲ ಕೆಲಸ ಬಿಟ್ಟ ಮೇಲೆ ಮಂಡಕ್ಕಿ ಮಿರ್ಚಿ ಅಂಗಡಿ ಮುಂದೆ, ಬಸ್ ಸ್ಟಾಪಲ್ಲಿ, ನೀರು ಬರೋ ಹೊತ್ತಿಗೆ ಅವರ ಬೀದಿಯಲ್ಲಿ. ಹೆಣ್ಣುಮಕ್ಕಳ ಮನೆಗೆ ಹೆಣ್ಣುಮಕ್ಕಳೇ ಹೋಗ್ಬೇಕು, ಗಂಡನ ಎದುರಿಗೂ ಮಾತಾಡೋಕೆ ರೆಡಿ ಇರ್ಬೇಕು. ಮನೆಯವರು ಬೇಡ ಅಂದ್ರೆ ಅವರು ಬರಲ್ಲ, ಆದ್ರಿಂದ ಆ ಮನೆಯವರ ಜೊತೆಗಿನ ಮಾತೂ ನಿಮ್ಮ ಕೆಲಸವೇ.

ನಿಯಮ ಏನಂದ್ರೆ ನೀವು ಕಮ್ಮಿ ಮಾತಾಡ್ಬೇಕು. ಅವರು ಮಾತಾಡೋದು ನಿಮ್ಮದಕ್ಕಿಂತ ಎರಡು ಪಟ್ಟು ಇರ್ಲಿ. ಒಂದು ಮಾತುಕತೆ ಹೇಗೆ ಹೋಗ್ಬಹುದು ಅಂತ ಬರೀತೀನಿ, ಆಸ್ಪತ್ರೆ ಹೌಸ್‌ಕೀಪಿಂಗ್ ಮಾಡೋ ಅಕ್ಕ ಒಬ್ರ ಮನೆಗೆ ಅದೇ ಆಸ್ಪತ್ರೆಯ ಬೇರೆ ವಾರ್ಡಿನ ಹೆಣ್ಣುಮಗಳು ಹೋಗಿದ್ದಾಳೆ ಅಂತ ಇಟ್ಕೊಳ್ರಿ.

"ಯಕ್ಕಾ, ನಿಮ್ ವಾರ್ಡಲ್ಲಿ ಈ ತಿಂಗ್ಳು ಬಟವಾಡೆ ಯಾವತ್ತಾತು?"

"ಎಲ್ಲಿ ತಂಗಿ, ಇವತ್ತು ಹದಿನೆಂಟು, ಇನ್ನೂ ಬಂದಿಲ್ಲ. ಬಡ್ಡಿಗೆ ತಂದು ಮಗಳ ಫೀಸು ಕಟ್ಟೀನಿ."

"ಯಾರಿಗಾದ್ರೂ ಕೇಳಿದ್ರಾ?"

"ಕೇಳಿದ್ರೆ ಬಿಲ್ ಪಾಸಾಗಿಲ್ಲ ಅಂತಾನೆ ಸೂಪರ್‌ವೈಸರ್ರು. ಜಾಸ್ತಿ ಮಾತಾಡಿದ್ರೆ ನಾಳಿಂದ ಬರ್ಬೇಡ ಅಂತಾನೆ."

"ಒಬ್ಬೊಬ್ರೇ ಕೇಳಿದ್ಕೆ ಹಂಗಂತಾನೆ. ನಿಮ್ ಪಾಳಿಯೋರು ಎಲ್ರೂ ಒಟ್ಟಿಗೆ ಹೋಗಿ ಕೇಳಿದ್ರೆ ಎಲ್ರಿಗೂ ಬರ್ಬೇಡ ಅಂತಾನಾ?"

ಇಲ್ಲಿ ಸುಮ್ಮನಾಗ್ಬೇಕು. ಎಷ್ಟೇ ಹೊತ್ತಾದ್ರೂ ಅವರೇ ಮಾತಾಡೋ ತನಕ ಕಾಯ್ಬೇಕು. ಆ ಮೌನಕ್ಕೆ ಹೆದರಿ ನಾವೇ ಸಮಾಧಾನದ ಮಾತು ಹೇಳಿಬಿಟ್ರೆ ತೀರ್ಮಾನ ಮಾಡೋ ಅವಕಾಶ ಅವರಿಂದ ಕಿತ್ಕೊಂಡ ಹಾಗೆ.

"...ಎಲ್ರೂ ಬರಂಗಿಲ್ಲ ತಂಗಿ. ಹೆದರ್ತಾರ."

"ಯಾರ್ಯಾರು ಬರ್ತಾರ, ಯಾರ್ಯಾರು ಬರಂಗಿಲ್ಲ? ಬರೋರ ಹತ್ರ ನೀವೇ ಮಾತಾಡ್ತೀರಾ? ಗುರುವಾರದೊಳಗೆ ಮೂರು ಜನರ ಹತ್ರ ಆಗುತ್ತಾ?"

ಮಾತು ಮುಗಿಯೋದು ಹೀಗೆ, ಒಂದು ಕೆಲಸ, ಒಂದು ದಿನ, ಒಂದು ಸಂಖ್ಯೆಯಲ್ಲಿ. "ಯೋಚನೆ ಮಾಡಿ ಹೇಳ್ರಿ" ಅಂತ ಎದ್ದು ಬಂದ್ರೆ ಮಾತುಕತೆ ಆಗೇ ಇಲ್ಲ. ಶುಕ್ರವಾರ ಮತ್ತೆ ಹೋಗಿ ಏನಾಯ್ತು ಅಂತ ಕೇಳ್ರಿ. "ಕೆಲಸ ಹೋಗಲ್ಲ, ಏನೂ ಆಗಲ್ಲ" ಅಂತ ಮಾತ್ರ ಯಾವತ್ತೂ ಹೇಳ್ಬೇಡ್ರಿ, ಅದು ಸುಳ್ಳು. ತೊಂದರೆ ಕೊಡ್ತಾರೆ, ಕೊಟ್ಟಾಗ ಒಬ್ಬಂಟಿ ಇರಲ್ಲ ಅಂತ ಹೇಳ್ರಿ, ಹೇಳಿದ ಮೇಲೆ ಹಾಗೇ ನಡ್ಕೊಳ್ರಿ.

ಐದನೇ ಹಂತ: ಕೂಲಿ ಚೀಟಿ ಓದಿಸ್ರಿ

ಬೇಡಿಕೆ ಪಟ್ಟಿ ಆಫೀಸಲ್ಲಿ ಕೂತು ಬರೆಯೋ ಪದ್ಧತಿ ಬಿಡೋಣ. ಯಾವ ಬೇಡಿಕೆ ಮೊದಲು ಅನ್ನೋದು ಜನರಿಂದಾನೇ ಬರ್ಬೇಕು, ಅದಕ್ಕೆ ಒಳ್ಳೆ ದಾರಿ ಅಂದ್ರೆ ಸಣ್ಣ ಸಣ್ಣ ಗುಂಪಲ್ಲಿ ಕೂತು ಪೇ ಸ್ಲಿಪ್ ಓದೋದು. ಸ್ಲಿಪ್ಪೇ ಕೊಡಲ್ಲ ಅಂದ್ರೆ ಅದೇ ಮೊದಲ ಬೇಡಿಕೆ.

ಏನೇನು ನೋಡ್ಬೇಕು ಅಂದ್ರೆ, ತಿಂಗಳ ಕೂಲಿ 21,000 ಒಳಗಿದ್ರೆ ಇಎಸ್ಐ ಅಂದ್ರೆ ಕಾರ್ಮಿಕರ ಆರೋಗ್ಯ ವಿಮೆ ಬರ್ಬೇಕು (ಹತ್ತು ಅಥವಾ ಹೆಚ್ಚು ಜನ ಇರೋ ಜಾಗದಲ್ಲಿ), ಕಾರ್ಮಿಕರ ಪಾಲು ನೂರಕ್ಕೆ 0.75, ಮಾಲೀಕರ ಪಾಲು 3.25. ಅಂದ್ರೆ 13,000 ಕೂಲಿಗೆ ನಿಮ್ಮಿಂದ ಹಿಡೀಬೇಕಾದ್ದು 98 ರೂಪಾಯಿ ಆಸುಪಾಸು ಅಷ್ಟೇ. ಪಿಎಫ್ ನಿಮ್ಮ ಪಾಲು ನೂರಕ್ಕೆ 12, ಅದೇ 13,000ಕ್ಕೆ 1,560, ಮಾಲೀಕರೂ 12 ಹಾಕ್ಬೇಕು. ಕೆಲವು ಕಂಟ್ರಾಕ್ಟರ್‌ಗಳು ಎರಡೂ ಪಾಲನ್ನ ಕಾರ್ಮಿಕರ ಕೂಲಿಯಿಂದಾನೇ ಹಿಡೀತಾರೆ. ಇನ್ನೂ ಕೆಲವರು ಹಿಡಿದದ್ದನ್ನ ಕಟ್ಟೋದೇ ಇಲ್ಲ. ಸರ್ಕಾರದ ಉಮಂಗ್ ಆ್ಯಪಲ್ಲಿ ಯುಎಎನ್ (ಪಿಎಫ್ ಸದಸ್ಯರ) ನಂಬರ್ ಹಾಕಿ ಪಾಸ್‌ಬುಕ್ ತೆಗೆದು ತೋರಿಸ್ರಿ, ಎಂಟು ತಿಂಗಳಿಂದ ಒಂದು ಪೈಸೆ ಕಟ್ಟಿಲ್ಲ ಅಂತ ತಾವೇ ಕಣ್ಣಾರೆ ನೋಡಿದ ಹೆಣ್ಣುಮಗಳಿಗೆ ಆಮೇಲೆ ನೀವು ಭಾಷಣ ಮಾಡೋ ಅಗತ್ಯ ಇರಲ್ಲ. ಹಾಗೇ ಸರ್ಕಾರದ ಕನಿಷ್ಠ ವೇತನದ ಆದೇಶ ಪಕ್ಕದಲ್ಲಿ ಇಟ್ಕೊಳ್ರಿ, ನಮ್ಮ ರಾಜ್ಯದಲ್ಲಿ ಪ್ರತಿ ಏಪ್ರಿಲ್ 1ಕ್ಕೆ ತುಟ್ಟಿಭತ್ಯೆ ಬದಲಾಗುತ್ತೆ, ಹಳೇ ರೇಟಲ್ಲೇ ಕೊಡ್ತಾ ಇದಾರಾ ನೋಡ್ರಿ. ತಿಂಗಳ ಸಂಬಳ ಮುಂದಿನ ತಿಂಗಳು 7ನೇ ತಾರೀಖಿನೊಳಗೆ ಕೊಡ್ಬೇಕು ಅನ್ನೋದು ಕಾನೂನು, ಕಂಟ್ರಾಕ್ಟರ್ ಕೊಡದೇ ಹೋದ್ರೆ ಮೂಲ ಮಾಲೀಕರೇ (ಆಸ್ಪತ್ರೆಯ ಹಾಗೆ ಕೆಲಸ ಮಾಡಿಸ್ಕೊಳ್ಳೋರು) ಹೊಣೆ. ಬಿಲ್ ಪಾಸಾಗಿಲ್ಲ ಅನ್ನೋದು ಕಂಟ್ರಾಕ್ಟರ್ ಸಮಸ್ಯೆ, ಕಾರ್ಮಿಕರದ್ದಲ್ಲ.

ಮೊದಲ ಬೇಡಿಕೆ ಆರಿಸೋವಾಗ ತುಂಬಾ ಜನರಿಗೆ ತಟ್ಟೋದು, ಆಳವಾಗಿ ತಟ್ಟೋದು, ಗೆಲ್ಲೋಕೆ ಸಾಧ್ಯ ಇರೋದು, ಈ ಮೂರೂ ಕೂಡಿರೋದನ್ನ ಹಿಡೀರಿ. ಕಾಯಂ ಮಾಡಿ ಅನ್ನೋದು ನ್ಯಾಯವಾದ ಬೇಡಿಕೆ, ಆದ್ರೆ ಅದೇ ಮೊದಲನೇದಾದ್ರೆ ವರ್ಷಗಟ್ಟಲೆ ಗೆಲುವೇ ಇಲ್ಲದೆ ಜನ ಚದುರಿ ಹೋಗ್ತಾರೆ. ಏಳನೇ ತಾರೀಖಿಗೆ ಬಟವಾಡೆ, ಕುಡಿಯೋ ನೀರು, ಬಟ್ಟೆ ಬದಲಾಯಿಸೋಕೆ ರೂಮು, ಗ್ಲೌಸು, ವಾರದ ರಜೆ, ಇಂಥದ್ದು ಒಂದು ಗೆದ್ದು ತೋರಿಸ್ರಿ.

ಆರನೇ ಹಂತ: ಸಣ್ಣ ಪರೀಕ್ಷೆಗಳು

ಮುಷ್ಕರದ ದಿನ ಎಷ್ಟು ಜನ ಬರ್ತಾರೆ ಅಂತ ಮುಷ್ಕರದ ದಿನವೇ ತಿಳ್ಕೊಳ್ಳೋದು ಅಂದ್ರೆ ಅಪಾಯ. ಅದಕ್ಕೆ ಮುಂಚೆ ಮೆಟ್ಟಿಲು ಮೆಟ್ಟಿಲಾಗಿ ಪರೀಕ್ಷೆ ಮಾಡ್ಕೊಂಡು ಬರ್ಬೇಕು. ಮೊದಲು ಎಲ್ರೂ ಒಂದೇ ಮನವಿಗೆ ಸಹಿ ಹಾಕೋದು. ಆಮೇಲೆ ಒಂದೇ ದಿನ ಎಲ್ರೂ ಎದೆಗೆ ಬ್ಯಾಡ್ಜ್ ಹಾಕ್ಕೊಂಡು ಕೆಲಸಕ್ಕೆ ಹೋಗೋದು. ಆಮೇಲೆ ಊಟದ ಬಿಡುವಲ್ಲಿ ಒಟ್ಟಿಗೆ ಹೋಗಿ ಮ್ಯಾನೇಜರ್‌ಗೆ ಮನವಿ ಕೊಡೋದು. ಪ್ರತಿ ಸಲ ವಿಭಾಗವಾರು ಎಣಿಸ್ರಿ, ನೋಟ್‌ಬುಕ್ಕಲ್ಲಿ ತುಂಬ್ರಿ. ರಾತ್ರಿ ಪಾಳಿಯಲ್ಲಿ ನಲವತ್ತರಲ್ಲಿ ಆರೇ ಸಹಿ ಬಂದಿದ್ರೆ ಅಲ್ಲಿ ನಿಮಗೆ ಸರಿಯಾದ ಮುಂದಾಳು ಸಿಕ್ಕಿಲ್ಲ ಅಂತ ಅರ್ಥ, ವಾಪಸ್ ಮೂರನೇ ಹಂತಕ್ಕೆ ಹೋಗ್ರಿ. ಮೂರರಲ್ಲಿ ಎರಡು ಭಾಗ ಜನ ಬರದೆ ಮುಂದಿನ ಮೆಟ್ಟಿಲು ಹತ್ತಬಾರ್ದು ಅನ್ನೋದು ನಾನು ಪಾಲಿಸೋ ಲೆಕ್ಕ.

ಸಂಘಟನೆ ಇಲ್ಲದೇನೂ ಜನ ಸಿಡಿದೇಳ್ತಾರೆ, ಅದನ್ನ ನೋಡಿದ್ದೀವಿ. 2016ರ ಏಪ್ರಿಲಲ್ಲಿ ಪಿಎಫ್ ತೆಗೆಯೋ ನಿಯಮ ಬದಲಾಯಿಸಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗಿಳಿದ್ರು, ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಆ ನಿಯಮ ವಾಪಸ್ ತಗೊಂಡಿತು. ಎಂಥ ಶಕ್ತಿ ನೋಡ್ರಿ. ಆದ್ರೆ ಆ ಶಕ್ತಿ ಪ್ರತಿ ತಿಂಗಳ ಕೂಲಿ ಮಾತುಕತೆಗೆ ಕೂರಬೇಕು ಅಂದ್ರೆ ಪ್ರತಿ ಲೈನಲ್ಲೂ ಒಬ್ಬ ಮುಂದಾಳು, ಒಂದು ಕಮಿಟಿ ಬೇಕು.

ಏಳನೇ ಹಂತ: ನೋಂದಣಿ ಮತ್ತೆ ಹೊಸ ಕಾನೂನು

2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1926ರ ಟ್ರೇಡ್ ಯೂನಿಯನ್ ಕಾಯ್ದೆ, 1947ರ ಕೈಗಾರಿಕಾ ವಿವಾದ ಕಾಯ್ದೆ ಇವೆಲ್ಲ ಈಗ ಕೈಗಾರಿಕಾ ಸಂಬಂಧ ಸಂಹಿತೆಯೊಳಗೆ ಸೇರಿವೆ. ಎಐಟಿಯುಸಿ, ಸಿಐಟಿಯು ಮುಂತಾದ ಕೇಂದ್ರ ಕಾರ್ಮಿಕ ಸಂಘಟನೆಗಳು ಇದನ್ನ ವಿರೋಧಿಸ್ತಾ ಇವೆ, ನಾನೂ ವಿರೋಧಿಸ್ತೀನಿ, ಆದ್ರೆ ವಿರೋಧಿಸೋರಿಗೇ ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿರ್ಬೇಕು.

ನೋಂದಣಿಗೆ ಕನಿಷ್ಠ ಏಳು ಜನ ಅರ್ಜಿ ಹಾಕ್ಬೇಕು, ಜೊತೆಗೆ ಆ ಜಾಗದ ಅಥವಾ ಆ ಉದ್ದಿಮೆಯ ಕಾರ್ಮಿಕರಲ್ಲಿ ನೂರಕ್ಕೆ 10 ಅಥವಾ 100 ಜನ, ಎರಡರಲ್ಲಿ ಯಾವ್ದು ಕಮ್ಮಿಯೋ ಅಷ್ಟು ಜನ ಸದಸ್ಯರಿರ್ಬೇಕು. ಬೈಲಾ, ಪದಾಧಿಕಾರಿಗಳ ಪಟ್ಟಿ, ಸಭೆಯ ನಡಾವಳಿ ಸೇರಿಸಿ ಕಾರ್ಮಿಕ ಇಲಾಖೆಯ ರಿಜಿಸ್ಟ್ರಾರ್‌ಗೆ ಕೊಡ್ಬೇಕು. ಕಮಿಟಿಯಲ್ಲಿ ಹೊರಗಿನವರು ಮೂರರಲ್ಲಿ ಒಂದು ಭಾಗ ಅಥವಾ ಐದು ಜನ, ಯಾವ್ದು ಕಮ್ಮಿಯೋ ಅಷ್ಟಕ್ಕೆ ಮಿತಿ, ಅಸಂಘಟಿತ ವಲಯದಲ್ಲಿ ಅರ್ಧದ ತನಕ ಇರ್ಬಹುದು. ಇರ್ಬಹುದು ಅಂತ ತುಂಬಿಸ್ಬೇಡ್ರಿ. 1926ರ ಕಾಯ್ದೆ ಕೆಳಗೆ ನೋಂದಣಿ ಚಾಲ್ತಿಯಲ್ಲಿ ಇಟ್ಕೊಂಡಿದ್ದ ಹಳೇ ಯೂನಿಯನ್‌ಗಳ ನೋಂದಣಿ ಮುಂದುವರಿಯುತ್ತೆ, ಆದ್ರೆ ವಾರ್ಷಿಕ ರಿಟರ್ನ್ ಕೊಡದೆ ನಂಬರ್ ಕಳ್ಕೊಂಡ ಯೂನಿಯನ್‌ಗಳೂ ಇವೆ, ಆದ್ರಿಂದ ನಿಮ್ಮೂರಿನ ಹಳೇ ಯೂನಿಯನ್ ಎಬ್ಬಿಸೋಕೆ ಹೊರಟಿದ್ರೆ ಮೊದಲು ಅದರ ಫೈಲ್ ಜೀವಂತ ಇದೆಯಾ ವಿಚಾರಿಸ್ರಿ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಒಂದಕ್ಕಿಂತ ಹೆಚ್ಚು ಯೂನಿಯನ್ ಇರೋ ಕಡೆ ಮಸ್ಟರ್ ರೋಲಿನ (ಕಾರ್ಮಿಕರ ಹಾಜರಿ ಪಟ್ಟಿ) ನೂರಕ್ಕೆ 51 ಜನ ಇರೋ ಯೂನಿಯನ್‌ಗೆ ಮಾತುಕತೆ ಮಾಡೋ ಅಧಿಕಾರ. ಯಾರಿಗೂ 51 ಇಲ್ಲ ಅಂದ್ರೆ ಮಾತುಕತೆ ಮಂಡಳಿ ಆಗುತ್ತೆ, ಅದರಲ್ಲಿ ಕೂರೋಕೆ ಕನಿಷ್ಠ ನೂರಕ್ಕೆ 20 ಬೇಕು. ಅಂದ್ರೆ ಮೊದಲಿನ ತರ ಲೆಟರ್‌ಹೆಡ್, ಎಂಟು ಜನ ಕಾರ್ಯಕರ್ತರು, ಒಬ್ಬ ಪ್ರಭಾವಿ ಅಧ್ಯಕ್ಷರು ಇಟ್ಕೊಂಡು ಮೇಜಿನ ಮುಂದೆ ಕೂರೋಕಾಗಲ್ಲ. ಕಾನೂನಿನ ಉದ್ದೇಶ ಏನೇ ಇರ್ಲಿ, ಸದಸ್ಯತ್ವ ಕಟ್ಟದೆ ಬೇರೆ ದಾರಿನೇ ಇಲ್ಲ ಅನ್ನೋ ಪರಿಸ್ಥಿತಿ ತಂದಿಟ್ಟಿದೆ. ಎಣಿಸೋದು ಮಸ್ಟರ್ ರೋಲಲ್ಲಿ ಹೆಸರಿರೋರನ್ನ, ಆದ್ರಿಂದ ಹಾಜರಿ ಯಾರ ಹೆಸರಲ್ಲಿ ಹೋಗ್ತಿದೆ ಅನ್ನೋದಕ್ಕೆ ದಾಖಲೆ ಇಟ್ಕೊಳ್ರಿ, ಗೇಟ್ ಪಾಸ್ ಫೋಟೋ, ಐಡಿ ಕಾರ್ಡ್, ಬ್ಯಾಂಕ್ ಎಂಟ್ರಿ ಎಲ್ಲ. ಇಪ್ಪತ್ತು ಅಥವಾ ಹೆಚ್ಚು ಜನ ಇರೋ ಜಾಗದಲ್ಲಿ ಕುಂದುಕೊರತೆ ಸಮಿತಿ ಇರ್ಲೇಬೇಕು, ಕಾರ್ಮಿಕರ ಪ್ರತಿನಿಧಿಗಳೂ ಅಷ್ಟೇ ಸಂಖ್ಯೆಯಲ್ಲಿ ಇರ್ಬೇಕು, ಹೆಣ್ಣುಮಕ್ಕಳಿಗೆ ಅವರ ಪ್ರಮಾಣಕ್ಕೆ ತಕ್ಕ ಜಾಗ ಇರ್ಬೇಕು. ಇದನ್ನ ಕೇಳಿ ಪಡೀರಿ, ಸಣ್ಣ ಜಾಗಗಳಲ್ಲಿ ಒಳಗೆ ಕಾಲಿಡೋಕೆ ಇದು ಒಳ್ಳೆ ಬಾಗಿಲು.

ಮುಷ್ಕರಕ್ಕೆ ಈಗ ಎಲ್ಲಾ ಕಡೆ 14 ದಿನದ ನೋಟಿಸ್ ಕಡ್ಡಾಯ. ಸಂಧಾನ (ಸರ್ಕಾರದ ಸಂಧಾನಾಧಿಕಾರಿ ಮುಂದಿನ ರಾಜಿ ಮಾತುಕತೆ) ನಡೀತಿರೋವಾಗ ಮತ್ತು ಅದು ಮುಗಿದು 7 ದಿನ ಮುಷ್ಕರ ಮಾಡಂಗಿಲ್ಲ. ಅರ್ಧದಷ್ಟು ಅಥವಾ ಹೆಚ್ಚು ಜನ ಒಟ್ಟಾಗಿ ಒಂದೇ ದಿನ ಸಾಂದರ್ಭಿಕ ರಜೆ ಹಾಕಿದ್ರೂ ಅದನ್ನ ಮುಷ್ಕರ ಅಂತಾನೇ ಲೆಕ್ಕ ಹಾಕ್ತಾರೆ, ತಪ್ಪಿದ್ರೆ ದಂಡ, ಜೈಲು ಎರಡೂ ಇವೆ. ಹದಿನಾಲ್ಕು ದಿನ ಅಂದ್ರೆ ಮಾಲೀಕರಿಗೆ ಜನರನ್ನ ಒಡೆಯೋಕೆ ಹದಿನಾಲ್ಕು ದಿನ. ಒಳಗೆ ಗಟ್ಟಿಯಿದ್ರೆ ಮಾತ್ರ ನೋಟಿಸ್ ಕೊಡ್ರಿ.

ಎಂಟನೇ ಹಂತ: ಏಟು ಬೀಳೋದಕ್ಕೆ ಮುಂಚೆ ಏಟಿನ ಬಗ್ಗೆ ಹೇಳ್ರಿ

ಮಾಲೀಕರು ಏನು ಮಾಡ್ತಾರೆ ಅನ್ನೋದು ಎಲ್ಲಾ ಊರಲ್ಲೂ ಹೆಚ್ಚುಕಮ್ಮಿ ಒಂದೇ. ಮೊದಲು ಪ್ರೀತಿ ("ನಾವೆಲ್ಲ ಒಂದೇ ಮನೆಯವ್ರು, ಹೊರಗಿನೋರು ಯಾಕೆ"), ಆಮೇಲೆ ಆಸೆ, ಮುಂದಾಳುಗಳಲ್ಲಿ ಒಬ್ರಿಗೆ ಸೂಪರ್‌ವೈಸರ್ ಪೋಸ್ಟು, ಆಮೇಲೆ ಬೆದರಿಕೆ, ಪಾಳಿ ಬದಲಾವಣೆ, ಊರ ಮುಖಂಡರಿಂದ ಫೋನು, ಕೊನೆಗೆ ಕಂಟ್ರಾಕ್ಟರ್ ಬದಲಾಯ್ತು ಅಂತ ಹೇಳಿ ಹಳಬರನ್ನ ಬಿಡಿಸೋದು. ಇದನ್ನೆಲ್ಲ ಮೊದಲೇ ಜನರ ಮುಂದೆ ಬಿಡಿಸಿ ಹೇಳಿದ್ರೆ, ನಡೆದ ದಿನ ಅವರೇ "ಇದನ್ನೇ ಹೇಳಿದ್ರಲ್ಲ" ಅಂತಾರೆ, ಭಯ ಅರ್ಧ ಇಳಿಯುತ್ತೆ.

ಯೂನಿಯನ್ ಸೇರಿದ್ದಕ್ಕೆ ಕೆಲಸದಿಂದ ತೆಗೆಯೋದು, ತೆಗೀತೀನಿ ಅಂತ ಹೆದರಿಸೋದು ಕಾನೂನಿನಲ್ಲಿ ಅನುಚಿತ ಕಾರ್ಮಿಕ ಪದ್ಧತಿ. ವಿವಾದ ಸಂಧಾನದಲ್ಲಿ ಇರೋವಾಗ ಅದಕ್ಕೆ ಸಂಬಂಧಪಟ್ಟ ಷರತ್ತು ಬದಲಾಯಿಸೋ ಹಾಗಿಲ್ಲ. ಪದಾಧಿಕಾರಿಗಳಲ್ಲಿ ಕೆಲವರನ್ನ ರಕ್ಷಿತ ಕಾರ್ಮಿಕರು (ವಿವಾದ ನಡೆಯೋವಾಗ ಅನುಮತಿ ಇಲ್ಲದೆ ತೆಗೆಯೋಕಾಗದವರು) ಅಂತ ಘೋಷಿಸೋಕೆ ಕೇಳ್ಬಹುದು, ಒಟ್ಟು ಕಾರ್ಮಿಕರ ಸಂಖ್ಯೆಯ ನೂರಕ್ಕೆ ಒಂದು, ಆದ್ರೆ ಐದಕ್ಕಿಂತ ಕಮ್ಮಿ ಇಲ್ಲ ನೂರಕ್ಕಿಂತ ಹೆಚ್ಚಿಲ್ಲ. ಇವೆಲ್ಲ ಲಿಖಿತದಲ್ಲಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳ್ರಿ. ಬಾಯಿ ಮಾತಿಗೆ ಲೇಬರ್ ಆಫೀಸಲ್ಲಿ ಬೆಲೆ ಇಲ್ಲ.

ಮಾನ್ಯತೆ ಒಂದಕ್ಕೇ ಎಷ್ಟು ಹೊಡೆದಾಡಬೇಕಾಗುತ್ತೆ ಅನ್ನೋದಕ್ಕೆ ಪಕ್ಕದ ತಮಿಳುನಾಡು ನೋಡ್ರಿ. ಶ್ರೀಪೆರಂಬದೂರಿನ ಸ್ಯಾಮ್‌ಸಂಗ್ ಕಾರ್ಖಾನೆಯಲ್ಲಿ 2024ರ ಸೆಪ್ಟೆಂಬರ್ 9ರಿಂದ 37 ದಿನ ಮುಷ್ಕರ ನಡೀತು, ಯೂನಿಯನ್ ನೋಂದಣಿ ಕೈಗೆ ಸಿಕ್ಕಿದ್ದು 2025ರ ಜನವರಿಯಲ್ಲಿ. ಅಷ್ಟು ದಿನ ಮನೆ ನಡೆಸೋಕೆ ಅಕ್ಕಿ ಎಲ್ಲಿಂದ ಬರುತ್ತೆ, ಬಡ್ಡಿ ಕಂತು ಯಾರು ಮುಂದೂಡಿಸ್ತಾರೆ ಅನ್ನೋದನ್ನ ಮುಷ್ಕರದ ಮೊದಲೇ ಕೂತು ಲೆಕ್ಕ ಹಾಕ್ಬೇಕು.

ಒಂಬತ್ತನೇ ಹಂತ: ದುಡ್ಡು

ಚಂದಾ ಎಷ್ಟು ಅಂತ ಸದಸ್ಯರೇ ಸಭೆಯಲ್ಲಿ ತೀರ್ಮಾನ ಮಾಡ್ಲಿ. ತಿಂಗಳಿಗೆ ಇಪ್ಪತ್ತೋ ಮೂವತ್ತೋ ಆದ್ರೂ ತಿಂಗಳು ತಿಂಗಳು ಕೈಯಿಂದ ಕೈಗೆ ವಸೂಲಿ ಆಗ್ಬೇಕು ಅನ್ನೋದು ನನ್ನ ಹಠ, ಯಾಕಂದ್ರೆ ವಸೂಲಿಗೆ ಹೋಗೋ ನೆಪದಲ್ಲಿ ಪ್ರತಿ ಸದಸ್ಯರ ಮುಖ ನೋಡಿ ಮಾತಾಡಿದ ಹಾಗಾಗುತ್ತೆ, ವರ್ಷಕ್ಕೊಮ್ಮೆ ಫೋನ್‌ಪೇ ಮಾಡಿಸ್ಕೊಂಡ್ರೆ ಆ ಸಂಬಂಧಾನೇ ಹೋಗುತ್ತೆ. ಪ್ರತಿ ರೂಪಾಯಿಗೂ ರಸೀದಿ, ಯೂನಿಯನ್ ಹೆಸರಲ್ಲಿ ಬ್ಯಾಂಕ್ ಖಾತೆ, ಇಬ್ಬರ ಸಹಿ, ಮೂರು ತಿಂಗಳಿಗೊಮ್ಮೆ ಲೆಕ್ಕ ಬಿಳಿ ಹಾಳೆಯಲ್ಲಿ ಬರೆದು ಸಭೆಯಲ್ಲಿ ಓದೋದು. ಬೆಂಗಳೂರಿಗೆ ಬಸ್ ಖರ್ಚು, ಚಹಾ ಖರ್ಚು ಕೂಡ. ಲೆಕ್ಕ ಕೇಳಿದ ಸದಸ್ಯರ ಮೇಲೆ ಮುಖ ಸಿಂಡರಿಸಿದ ಯೂನಿಯನ್ ಉಳಿದಿದ್ದು ನಾನು ನೋಡಿಲ್ಲ.

ಹತ್ತನೇ ಹಂತ: ಕಾರ್ಡ್ ಮಾಡಿಸೋದರ ಬಲೆ

ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ನಮ್ಮ ಎರಡೂ ಜಿಲ್ಲೆಗಳಲ್ಲಿ ಯೂನಿಯನ್ ಅಂದ್ರೆ ಈಗ ಕಟ್ಟಡ ಕಾರ್ಮಿಕರ ಕಾರ್ಡ್ ಮಾಡಿಸೋ ಜಾಗ ಅಂತಾನೇ ತುಂಬಾ ಜನ ತಿಳ್ಕೊಂಡಿದ್ದಾರೆ. ಕಾರ್ಡ್ ಬೇಕು, ಖಂಡಿತ ಬೇಕು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವರ್ಷದವರಿಗೆ ಅದು ಹಕ್ಕು, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ದುಡ್ಡು ಕಟ್ಟಡಗಳ ಮೇಲಿನ ಸೆಸ್ಸಿಂದ ಬಂದದ್ದು, ಯಾರ ಮನೆಯದ್ದೂ ಅಲ್ಲ. ಆದ್ರೆ ಕಾರ್ಡಿಗಾಗಿ ಬಂದವರು ಕಾರ್ಡ್ ಸಿಕ್ಕಿದ ಮೇಲೆ ರಿನ್ಯೂವಲ್‌ಗೆ ಮಾತ್ರ ಬರ್ತಾರೆ, ಅದನ್ನೇ ಸದಸ್ಯತ್ವ ಅಂತ ಎಣಿಸ್ಕೊಂಡ್ರೆ ಸಾವಿರ ಹೆಸರಿರುತ್ತೆ, ಗಾಂಧಿ ಸರ್ಕಲ್‌ಗೆ ಮೂವತ್ತು ಜನ ಬರ್ತಾರೆ. ಇನ್ನು ಕಟ್ಟಡದ ಕೆಲಸ ಮಾಡದವರಿಗೆ ಕಾರ್ಡ್ ಮಾಡಿಸಿಕೊಟ್ಟರಂತೂ ನಿಜವಾದ ಗಾರೆ ಕೆಲಸದವರ ಅರ್ಜಿಯೂ ಅನುಮಾನಕ್ಕೆ ಸಿಕ್ಕಿ ಕೊಳೆಯುತ್ತೆ.

ಏನು ಮಾಡ್ಬೇಕು ಅಂದ್ರೆ, ಅರ್ಜಿ ನಾವು ತುಂಬಿಕೊಡೋ ಬದಲು ಪ್ರತಿ ಏರಿಯಾದಲ್ಲಿ ಇಬ್ಬರಿಗೆ ತುಂಬೋದು ಕಲಿಸ್ರಿ. ಅರ್ಜಿ ತಿರಸ್ಕಾರ ಆದ್ರೆ ಒಬ್ಬರ ಪರವಾಗಿ ಮುಖಂಡರು ಆಫೀಸಿಗೆ ಹೋಗೋದಲ್ಲ, ತಿರಸ್ಕಾರ ಆದವರೆಲ್ಲ ಸೇರಿ ಹೋಗೋದು. ಇ-ಶ್ರಮ್ (ಅಸಂಘಟಿತ ಕಾರ್ಮಿಕರ ಕೇಂದ್ರ ನೋಂದಣಿ), ಹಮಾಲರಿಗೆ ಸಿಗೋ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತದ ಕಾರ್ಡ್, ಬೀಡಿ ಕಾರ್ಮಿಕರ ಗುರುತಿನ ಚೀಟಿ, ಎಲ್ಲಕ್ಕೂ ಇದೇ ಪದ್ಧತಿ. ಡೆಲಿವರಿ ಹುಡುಗರಿಗೆ 2025ರಲ್ಲಿ ನಮ್ಮ ರಾಜ್ಯದಲ್ಲಿ ಗಿಗ್ ಕಾರ್ಮಿಕರ (ಆ್ಯಪ್ ಮೂಲಕ ಕೆಲಸ ಮಾಡೋರ) ಕಾಯ್ದೆ ಬಂದಿದೆ, ಪ್ರತಿ ಆರ್ಡರಿನ ಕಾರ್ಮಿಕರ ಪಾವತಿ ಮೇಲೆ ನೂರಕ್ಕೆ 1ರಿಂದ 5ರ ತನಕ ಕಂಪನಿಗಳಿಂದ ಕಲ್ಯಾಣ ಶುಲ್ಕ, ನೋಂದಣಿ, ಏಕಾಏಕಿ ಐಡಿ ಬ್ಲಾಕ್ ಮಾಡೋದಕ್ಕೆ ತಡೆ, ಎಲ್ಲ ಅದರಲ್ಲಿದೆ. ಆ ಹುಡುಗರು ಆರ್ಡರಿಗೆ ಕಾಯ್ತಾ ನಿಲ್ಲೋ ಹೋಟೆಲ್ ಮುಂದಿನ ಜಾಗವೇ ಅವರ ಕಾರ್ಖಾನೆ ಗೇಟು, ಅಲ್ಲಿಗೆ ಹೋಗ್ರಿ.

ಹಮಾಲರಿಗೆ ಇನ್ನೊಂದು ಮಾತು. ಅವರಿಗೆ ಒಬ್ಬ ಮಾಲೀಕ ಅಂತ ಇಲ್ಲ, ನೂರು ಅಂಗಡಿ. ಮಹಾರಾಷ್ಟ್ರದಲ್ಲಿ 1969ರಲ್ಲೇ ಮಾಥಾಡಿ (ಮೂಟೆ ಹೊರೋರ) ಕಾಯ್ದೆ ಮಾಡಿ ವರ್ತಕರು ಒಂದು ಮಂಡಳಿಗೆ ಕೂಲಿ ಜೊತೆ ಲೆವಿ ಅಂದ್ರೆ ಹೆಚ್ಚುವರಿ ಶುಲ್ಕ ಕಟ್ಟೋ ಹಾಗೆ ಮಾಡಿದ್ರು, ಮಂಡಳಿಯಿಂದ ಹಮಾಲರಿಗೆ ಪಿಎಫ್, ಬೋನಸ್ ಬಂತು. ಆ ಮಾದರಿಯನ್ನ ನಮ್ಮ ಯಾರ್ಡುಗಳಲ್ಲಿ ಓದಿ ಹೇಳ್ರಿ.

ಹನ್ನೊಂದನೇ ಹಂತ: ಹೆಣ್ಣುಮಕ್ಕಳಿಗೆ ಅಧಿಕಾರ ಕೊಡೋದು

ಈ ರಾಜ್ಯದಲ್ಲಿ ಇತ್ತೀಚೆಗೆ ದೊಡ್ಡದಾಗಿ ನಿಂತು ಏನಾದ್ರೂ ಪಡೆದ ಕಾರ್ಮಿಕರು ಯಾರು ಅಂತ ಲೆಕ್ಕ ಹಾಕಿ ನೋಡ್ರಿ. 2017ರ ಮಾರ್ಚಲ್ಲಿ ಬೆಂಗಳೂರಿನ ರಸ್ತೆಯಲ್ಲೇ ಮಲಗಿದ ಅಂಗನವಾಡಿ ಅಕ್ಕಂದಿರು. 2022ರ ಜುಲೈಯಲ್ಲಿ ಪೊರಕೆ ಕೆಳಗಿಟ್ಟ ಪೌರಕಾರ್ಮಿಕರು, ಅವರಲ್ಲೂ ಹೆಚ್ಚು ಹೆಣ್ಣುಮಕ್ಕಳೇ. 2025ರ ಜನವರಿಯಲ್ಲಿ ಫ್ರೀಡಂ ಪಾರ್ಕಲ್ಲಿ ನಾಲ್ಕು ದಿನ ಹಗಲು ರಾತ್ರಿ ಕೂತು ತಿಂಗಳಿಗೆ ಕನಿಷ್ಠ 10,000 ಅಂತ ಮುಖ್ಯಮಂತ್ರಿ ಬಾಯಲ್ಲಿ ಹೇಳಿಸಿದ ಆಶಾ ಕಾರ್ಯಕರ್ತೆಯರು, ಆ ಮಾತು ಪೂರ್ತಿ ಕೈಗೆ ಬರೋ ತನಕ ಅವರು ಬಿಡೋರಲ್ಲ. ಇಷ್ಟೆಲ್ಲ ಇದ್ರೂ ನಮ್ಮ ಯೂನಿಯನ್ ಕಮಿಟಿಗಳ ಫೋಟೋ ತೆಗೆದು ನೋಡಿದ್ರೆ ಮುಂದಿನ ಕುರ್ಚಿಗಳಲ್ಲಿ ಗಂಡಸರು. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಇವರಲ್ಲಿ ಅರ್ಧ ಹೆಣ್ಣುಮಕ್ಕಳು ಅಂತ ಬೈಲಾದಲ್ಲೇ ಬರೀರಿ. ಸಭೆ ಸಂಜೆ ಏಳಕ್ಕೆ ಇಟ್ರೆ ಅಡಿಗೆ ಹೊತ್ತು, ಯಾರೂ ಬರಲ್ಲ. ಭಾನುವಾರ ಮಧ್ಯಾಹ್ನ ಅವರ ಓಣಿಯಲ್ಲೇ ಇಡ್ರಿ, ಮಕ್ಕಳನ್ನ ನೋಡ್ಕೊಳ್ಳೋಕೆ ಇಬ್ಬರು ಗಂಡಸರಿಗೆ ಹೇಳ್ರಿ.

ಒಪ್ಪಂದ ಆದ ಮೇಲೆ

ಮಾತುಕತೆಗೆ ಮೂರ್ನಾಲ್ಕು ಜನ ಮಾತ್ರ ಒಳಗೆ ಹೋಗಿ ಬಾಗಿಲು ಹಾಕ್ಕೊಂಡು ಸಹಿ ಮಾಡಿ ಬರೋದು ಬೇಡ. ಪ್ರತಿ ವಿಭಾಗದಿಂದ ಒಬ್ರು ಇರ್ಲಿ, ಪ್ರತಿ ಸುತ್ತು ಮುಗಿದ ಸಂಜೆ ಗೇಟಲ್ಲಿ ನಿಂತು ಏನಾಯ್ತು ಅಂತ ಹೇಳ್ಲಿ, ಕೊನೆ ಕರಡು ಸದಸ್ಯರ ಸಭೆಯಲ್ಲಿ ಓದಿ ಕೈ ಎತ್ತಿಸಿದ ಮೇಲೇ ಸಹಿ. ಒಪ್ಪಂದದ ಪ್ರತಿ ಕನ್ನಡದಲ್ಲಿ ಜೆರಾಕ್ಸ್ ಮಾಡಿಸಿ ಪ್ರತಿಯೊಬ್ಬ ಸದಸ್ಯರ ಕೈಗೆ ಕೊಡ್ರಿ, ಸಂಧಾನಾಧಿಕಾರಿ ಮುಂದೆ ಆದ ಒಪ್ಪಂದ ಆದ್ರೆ ಸದಸ್ಯರಲ್ಲದವರಿಗೂ ಅನ್ವಯ ಆಗುತ್ತೆ ಅನ್ನೋದನ್ನೂ ತಿಳಿಸ್ರಿ, "ಅವರು ಚಂದಾ ಕಟ್ಟಲ್ಲ, ಅವರಿಗೋಸ್ಕರ ನಾವು ಯಾಕೆ ದುಡೀಬೇಕು" ಅನ್ನೋ ಜಗಳ ಬರುತ್ತೆ, ಆ ಜಗಳವನ್ನ ಸದಸ್ಯತ್ವ ಕೇಳೋಕೆ ಹೋಗೋ ಕಾರಣವಾಗಿ ಬಳಸ್ರಿ.

ಗೆದ್ದ ಮೇಲಿನ ಆರು ತಿಂಗಳಲ್ಲೇ ಹೆಚ್ಚಿನ ಯೂನಿಯನ್‌ಗಳು ಸಡಿಲ ಆಗೋದು. ಕೂಲಿ ಏರಿತು, ಸಭೆಗೆ ಜನ ಕಮ್ಮಿ ಆದ್ರು, ಒಬ್ಬರೇ ಎಲ್ಲ ಕೆಲಸ ಮಾಡೋಕೆ ಶುರು ಮಾಡಿದ್ರು. ಆದ್ರಿಂದ ಒಪ್ಪಂದದ ಮರುದಿನವೇ ನೋಟ್‌ಬುಕ್ ತೆಗೆದು ಹೊಸದಾಗಿ ಸೇರಿದವರ ಹೆಸರು ಬರೀರಿ, ಹೊಸಬರು ಕೆಲಸಕ್ಕೆ ಬಂದ ಮೊದಲ ವಾರದಲ್ಲೇ ಅವರ ಪಕ್ಕದಲ್ಲಿ ಕೆಲಸ ಮಾಡೋ ಸದಸ್ಯರು ಮಾತಾಡಿಸ್ಬೇಕು ಅಂತ ಕಮಿಟಿಯಲ್ಲಿ ಜವಾಬ್ದಾರಿ ಹಂಚ್ರಿ. ಎರಡು ವರ್ಷ ಆದ ಪದಾಧಿಕಾರಿಗಳು ತಮ್ಮ ಜಾಗಕ್ಕೆ ಇನ್ನೊಬ್ಬರನ್ನ ತಯಾರು ಮಾಡಿರ್ಬೇಕು. ಮತ್ತೆ ಪಕ್ಕದ ಆಸ್ಪತ್ರೆಯಲ್ಲೋ ಪಕ್ಕದ ಯಾರ್ಡಲ್ಲೋ ಇದೇ ತೊಂದ್ರೆ ಇರುತ್ತೆ, ಅಲ್ಲಿಗೆ ಮೊದಲ ಮಾತುಕತೆಗೆ ಹೋಗ್ಬೇಕಾದ್ದು ಇಲ್ಲಿ ಗೆದ್ದ ಅದೇ ಅಕ್ಕಂದಿರು, ಅವರ ಬಸ್ ಚಾರ್ಜನ್ನ ಯೂನಿಯನ್ ಖಾತೆಯಿಂದ ಕೊಡ್ರಿ.